‘ಎ ವೆರಿ ಇಂಗ್ಲಿಷ್ ಸ್ಕ್ಯಾಂಡಲ್’ ನೋಡಿದವರು ಬನ್ನಿ: ನಗಬೇಕಾದ್ದು ಯಾರನ್ನು ನೋಡಿ?

ಮಾಟುಂಗಾ ಈಸ್ಟ್:
ಭಾನುವಾರದ ಚರ್ಚೆಗೆ ಈ ಸಲ ಇದೇ ಧಾರಾವಾಹಿ. ಮೂರೇ ಕಂತು, ಒಂದೊಂದೂ ಸುಮಾರು ಒಂದು ಗಂಟೆ. 2018ರ ಮೇ 20ರಿಂದ ಬಿಬಿಸಿ ಒನ್‌ನಲ್ಲಿ ವಾರಕ್ಕೊಂದರಂತೆ ಬಂತು. ಬರೆದವರು ರಸೆಲ್ ಟಿ. ಡೇವಿಸ್, ನಿರ್ದೇಶನ ಸ್ಟೀಫನ್ ಫ್ರಿಯರ್ಸ್, ಆಧಾರ ಜಾನ್ ಪ್ರೆಸ್ಟನ್ ಅವರ ಪುಸ್ತಕ. ಹುಡುಕುವಾಗ ಹೆಸರನ್ನು ಸರಿಯಾಗಿ ನೋಡಿಕೊಳ್ಳಿ. 2021ರ ಡಿಸೆಂಬರ್‌ನಲ್ಲಿ ಬಂದ ‘ಎ ವೆರಿ ಬ್ರಿಟಿಷ್ ಸ್ಕ್ಯಾಂಡಲ್’ ಬೇರೆ, ಅದು ಆರ್ಗೈಲ್ ಡ್ಯೂಕ್ ದಂಪತಿಯ ವಿಚ್ಛೇದನದ ಕಥೆ.

ಕಥೆ ಗೊತ್ತಿಲ್ಲದವರಿಗೆ ನಾಲ್ಕು ಸಾಲು. ಜೆರೆಮಿ ಥೋರ್ಪ್ ಅವರು 1959ರಿಂದ ಇಂಗ್ಲೆಂಡಿನ ನಾರ್ತ್ ಡೆವನ್ ಸಂಸದರು, 1967ರಿಂದ ಬ್ರಿಟನ್ನಿನ ಲಿಬರಲ್ ಪಕ್ಷದ ನಾಯಕರು. 1974ರ ಫೆಬ್ರವರಿ ಚುನಾವಣೆಯಲ್ಲಿ ಪಕ್ಷಕ್ಕೆ 60 ಲಕ್ಷ ದಾಟಿ ಮತ ತಂದುಕೊಟ್ಟವರು. ಸೀಟು ಸಿಕ್ಕಿದ್ದು ಮಾತ್ರ 14. ಕುದುರೆ ಲಾಯದಲ್ಲಿ ಕೆಲಸಕ್ಕಿದ್ದ ನಾರ್ಮನ್ ಸ್ಕಾಟ್ ಎಂಬ ಹುಡುಗ, 1961ರಿಂದ ತನಗೂ ಅವರಿಗೂ ದೈಹಿಕ ಸಂಬಂಧವಿತ್ತು ಎಂದು ಹೇಳಿದ. ಅವರು ಕೊನೆಯವರೆಗೂ ಅಲ್ಲಗಳೆದರು. 1975ರ ಅಕ್ಟೋಬರ್ 24ರ ರಾತ್ರಿ ಎಕ್ಸ್‌ಮೂರ್ ಬಯಲಲ್ಲಿ ನಾರ್ಮನ್‌ನ ನಾಯಿ ರಿಂಕಾಗೆ ಒಬ್ಬ ಗುಂಡು ಹೊಡೆದ. ಅದರ ಹಿಂದಿನ ಸಂಚು 1979ರಲ್ಲಿ ಲಂಡನ್ನಿನ ಓಲ್ಡ್ ಬೇಯ್ಲಿ ಕೋರ್ಟಿಗೆ ಬಂತು.

ಕೊಲೆಯ ಸಂಚನ್ನು ಹಾಸ್ಯದಲ್ಲಿ ಹೇಳಿದ್ದು ಸರಿಯೇ? ಬರೆಯಿರಿ.

ಡೊಂಬಿವಲಿ ಸ್ಲೋ:
ನನಗೆ ಸರಿ ಅನಿಸಲಿಲ್ಲ. ಸಂಸದರಿಬ್ಬರು ಕೂತು ಒಬ್ಬ ಮನುಷ್ಯನನ್ನು ಹೇಗೆ ಮುಗಿಸುವುದು, ಹೆಣವನ್ನು ಕಾರ್ನ್‌ವಾಲ್‌ನ ಯಾವ ತವರದ ಗಣಿಗೆ ಹಾಕುವುದು ಅಂತ ಮಾತಾಡುವಾಗ ಹಿಂದೆ ಮದುವೆಮನೆ ಬ್ಯಾಂಡಿನಂತೆ ಕುಣಿಯುವ ಸಂಗೀತ. ಹ್ಯೂ ಗ್ರಾಂಟ್ ಥೋರ್ಪ್ ಆಗಿ ಎಷ್ಟು ಚೆಂದ ಮಾಡಿದ್ದಾರೆ ಅಂದರೆ ಎರಡನೇ ಕಂತಿನ ಹೊತ್ತಿಗೆ ಈ ಮನುಷ್ಯ ಸಿಕ್ಕಿಬೀಳದಿದ್ದರೆ ಸಾಕು ಅನಿಸಿಬಿಡುತ್ತದೆ. ಹಾಗೆ ಅನಿಸುವುದೇ ತಪ್ಪಲ್ಲವೇ?

ಕಲೀನಾ:
ಹಾಗೆ ಅನಿಸಬೇಕು ಅಂತಲೇ ಬರೆದಿದ್ದಾರೆ. ಊರಿಗೆ ಊರೇ ಮರುಳಾದ ಮನುಷ್ಯ ಅವರು. ನೋಡುವವರೂ ಮರುಳಾಗದಿದ್ದರೆ ಮೂರನೇ ಕಂತಿನ ತೀರ್ಪು ಅರ್ಥವಾಗುವುದಿಲ್ಲ.

ಸಂಗೀತದ ವಿಷಯದಲ್ಲಿ ಒಂದನ್ನು ಗಮನಿಸಿ. ಮರ್ರಿ ಗೋಲ್ಡ್ ಅವರ ಕುಣಿತದ ಸಂಗೀತ ಹೆಚ್ಚಾಗಿ ಸಂಚುಗಾರರ ಜೊತೆ ಹೋಗುತ್ತದೆ, ನಾರ್ಮನ್ ನೋವಿನಲ್ಲಿರುವಾಗ ಅಲ್ಲ. ಇನ್ನೊಂದು ದೃಶ್ಯವನ್ನು ತಿರುಗಿ ನೋಡಿ: ಸಲಿಂಗ ಸಂಬಂಧದ ಕಾನೂನು ಬದಲಿಸಲು ಸಂಸದ ಲಿಯೋ ಆಬ್ಸ್ ಸಹಾಯ ಕೇಳಿಕೊಂಡು ಲಾರ್ಡ್ ಅರನ್ ಮನೆಗೆ ಬರುವುದು. ಮನೆ ತುಂಬ ಬ್ಯಾಜರ್ ಎಂಬ ಕಾಡುಪ್ರಾಣಿಗಳು ಓಡಾಡುತ್ತವೆ, ನಗು ತಡೆಯಲಾಗುವುದಿಲ್ಲ. ಅದೇ ಮನುಷ್ಯ ಬಾಯಿಬಿಟ್ಟು ತನ್ನ ಅಣ್ಣ ಯಾಕೆ ಪ್ರಾಣ ಕಳೆದುಕೊಂಡ ಅಂತ ಹೇಳುತ್ತಾನೆ. ನಗುತ್ತಿದ್ದ ಬಾಯಿ ಹಾಗೇ ಉಳಿದುಬಿಡುತ್ತದೆ. ನಗಿಸಿ ಹತ್ತಿರ ಕರೆದು ಆಮೇಲೆ ನೋವು ತೋರಿಸುವ ಈ ಕ್ರಮ ಮೂರೂ ಕಂತಿನಲ್ಲಿದೆ. ಆ ಮಸೂದೆ 1967ರಲ್ಲಿ ಪಾಸಾಯಿತು, 21 ದಾಟಿದ ಗಂಡಸರಿಗೆ, ಖಾಸಗಿಯಾಗಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮಾತ್ರ. 1961ರಲ್ಲಿ ಅದು ಜೈಲಿಗೆ ಹೋಗುವ ಅಪರಾಧ. ಈ ತಾರೀಕುಗಳು ತಲೆಯಲ್ಲಿದ್ದರೆ ಥೋರ್ಪ್ ಅವರ ಹೆದರಿಕೆ ಸುಳ್ಳಲ್ಲ ಅಂತ ತಿಳಿಯುತ್ತದೆ. ನಮ್ಮಲ್ಲಿ ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ಐಪಿಸಿ ಸೆಕ್ಷನ್ 377ರ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2018ರ ಸೆಪ್ಟೆಂಬರ್ 6ರಂದು, ಈ ಧಾರಾವಾಹಿ ಮುಗಿದು ಮೂರು ತಿಂಗಳಿಗೆ.

ಠಾಣೆ ವೆಸ್ಟ್:
ನಾರ್ಮನ್ ಮಾತುಮಾತಿಗೂ ಒಂದು ಕಾರ್ಡ್ ಕೇಳುತ್ತಾನಲ್ಲ, ನ್ಯಾಷನಲ್ ಇನ್ಶೂರೆನ್ಸ್ ಕಾರ್ಡ್, ಅದು ಯಾಕೆ ಅಷ್ಟು ದೊಡ್ಡ ವಿಷಯ? ಮನೆಯ ಹಿರಿಯರಿಗೆ ವಿವರಿಸಲು ಆಗಲಿಲ್ಲ.

ಕಲೀನಾ:
ಅದು ಗೊತ್ತಾಗದಿದ್ದರೆ ಅರ್ಧ ಕಥೆ ಕೈಬಿಟ್ಟ ಹಾಗೆ. ಆ ಕಾಲದಲ್ಲಿ ಕಾರ್ಡ್ ಮಾಲೀಕನ ಹತ್ತಿರ ಇರುತ್ತಿತ್ತು. ವಾರಕ್ಕೊಂದು ಸ್ಟಾಂಪ್ ಕೊಂಡು ಅವನು ಅದರ ಮೇಲೆ ಅಂಟಿಸಬೇಕು, ಅದರಲ್ಲಿ ಮಾಲೀಕನ ಪಾಲೂ ಕೆಲಸಗಾರನ ಪಾಲೂ ಇರುತ್ತಿತ್ತು. ಹೊಸ ಕೆಲಸಕ್ಕೆ ಸೇರಲು ಕಾರ್ಡ್ ಬೇಕು. ಕಾಯಿಲೆ ಬಿದ್ದರೆ, ಕೆಲಸ ಹೋದರೆ ಸಿಗುವ ಭತ್ಯೆಗೆ ಸ್ಟಾಂಪಿನ ಲೆಕ್ಕ ಬೇಕು. ನಾರ್ಮನ್ ಹೇಳುವುದು ಇಷ್ಟೇ: ಥೋರ್ಪ್ ನನ್ನನ್ನು ಕೆಲಸಕ್ಕಿಟ್ಟುಕೊಂಡಿದ್ದರು, ನನ್ನ ಕಾರ್ಡ್ ಅವರ ಜವಾಬ್ದಾರಿ. ಹಿರಿಯರಿಗೆ ಪಿಎಫ್ ಉದಾಹರಣೆ ಕೊಡಿ. ಮಾಲೀಕ ದುಡ್ಡು ತುಂಬದೆ, ಹಳೆಯ ಖಾತೆಯನ್ನೂ ಬಿಡದೆ ಕೂತರೆ ಏನಾಗುತ್ತದೆ ಅಂತ ಮಿಲ್ಲು, ಹೋಟೆಲುಗಳಲ್ಲಿ ದುಡಿದ ಮನೆತನಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಷ್ಟು ಸಣ್ಣ ಕಾರ್ಡ್ ಕೊಟ್ಟಿದ್ದರೆ ಈ ಮನುಷ್ಯ ಸುಮ್ಮನಾಗುತ್ತಿದ್ದನೇನೋ. ಅದನ್ನು ಬಿಟ್ಟು ಬಾಕಿ ಎಲ್ಲ ಮಾಡಿದರು. 1965ರಲ್ಲಿ ನಾರ್ಮನ್ ಥೋರ್ಪ್ ಅವರ ತಾಯಿಗೆ 17 ಪುಟದ ಪತ್ರ ಬರೆದ. ಆಗ ಪೀಟರ್ ಬೆಸೆಲ್ ಎಂಬ ಸಂಸದ ನಡುವೆ ಬಂದು, ಮುಂದೆ ವಾರಕ್ಕೆ 5ರಿಂದ 10 ಪೌಂಡ್ ಕೊಡತೊಡಗಿದರು. 1974ರಲ್ಲಿ ಥೋರ್ಪ್ ಕಡೆಯವರು ನಾರ್ಮನ್ ಬಳಿಯಿದ್ದ ಪತ್ರಗಳ ಕಟ್ಟನ್ನು 2,500 ಪೌಂಡಿಗೆ ಕೊಂಡು ಸುಟ್ಟರು. ಕೊನೆಗೆ ಗುಂಡು ಹೊಡೆಯಲು ಬಂದವನಿಗೆ 5,000 ಪೌಂಡ್. ಇದು ಬರೆದವರು ಹುಟ್ಟಿಸಿದ ಹಾಸ್ಯವಲ್ಲ, ನಡೆದದ್ದೇ ಹೀಗೆ.

ಚಿಂಚವಾಡ:
ಪುಣೆಯಿಂದ ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಎಳೆಯ ಮೊದಲ ಬರಹವನ್ನೇ ಇನ್ನೊಮ್ಮೆ ಓದಿ. ಥೋರ್ಪ್ ‘ಅವರು’, ‘ತಂದುಕೊಟ್ಟವರು’, ‘ಅಲ್ಲಗಳೆದರು’. ನಾರ್ಮನ್ ‘ಹುಡುಗ’, ‘ಹೇಳಿದ’. ಕೆಳಗೆ ಠಾಣೆಯವರು, ಕಲೀನಾದವರು ಕೂಡ ‘ಕೇಳುತ್ತಾನೆ’, ‘ಬರೆದ’. ಇಂಗ್ಲಿಷಿನಲ್ಲಿ ಇಬ್ಬರಿಗೂ ಒಂದೇ ಸರ್ವನಾಮ. ಅಲ್ಲಿ ವರ್ಗದ ಅಂತರ ಉಚ್ಚಾರದಲ್ಲಿ, ಕೋಟಿನಲ್ಲಿ, ಕೂರುವ ಭಂಗಿಯಲ್ಲಿ ಕಾಣುತ್ತದೆ. ಕನ್ನಡಕ್ಕೆ ಬಂದ ಕೂಡಲೇ ಅದು ಕ್ರಿಯಾಪದದ ತುದಿಗೆ ಅಂಟಿಕೊಳ್ಳುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಇವರಿಬ್ಬರಲ್ಲಿ ಯಾರ ಮಾತು ನಂಬಬೇಕು ಅನ್ನುವುದೇ ಇಡೀ ಮೊಕದ್ದಮೆ. ನಾವು ಸಾಕ್ಷಿ ಕೇಳುವ ಮೊದಲೇ ಏಕವಚನದಲ್ಲಿ ತೀರ್ಪು ಕೊಟ್ಟುಬಿಟ್ಟೆವು.

ಮಾಟುಂಗಾ ಈಸ್ಟ್:
ಇದು ಹೊಳೆದೇ ಇರಲಿಲ್ಲ. ಭಾನುವಾರ ಹಂಚುವ ಕರಪತ್ರದಲ್ಲೂ ಅದೇ ವಾಕ್ಯವಿದೆ, ತಿದ್ದುತ್ತೇನೆ. ಹಾಗಾದರೆ ಪಾತ್ರಗಳ ಮಾತಿನಲ್ಲಿ ನೀನು, ನೀವು ಹೇಗೆ ಹಂಚಬೇಕು?

ಚಿಂಚವಾಡ:
ಹೇಳುವವರ ಮಾತಿನಲ್ಲಿ ಇಬ್ಬರೂ ಬಹುವಚನ, ರಾಜಿಯಿಲ್ಲ. ಪಾತ್ರಗಳ ಬಾಯಲ್ಲಿ ಬೇರೆ ಲೆಕ್ಕ. ಥೋರ್ಪ್ ನಾರ್ಮನ್‌ರಿಗೆ ಮೊದಲ ಭೇಟಿಯಲ್ಲಿ ‘ನೀವು’ ಅನ್ನಲಿ, ತಾಯಿಯ ಮನೆಗೆ ಕರೆದುಕೊಂಡು ಹೋದ ರಾತ್ರಿಯಿಂದ ‘ನೀನು’. ಅದು ಪ್ರೀತಿಯ ‘ನೀನು’ ಹೌದು, ಯಜಮಾನಿಕೆಯದೂ ಹೌದು. ಎರಡೂ ಒಂದೇ ಶಬ್ದದಲ್ಲಿ ಬರುವುದು ಕನ್ನಡದ ಅದೃಷ್ಟ. ನಾರ್ಮನ್ ‘ನೀವು’ದಿಂದ ‘ನೀನು’ಗೆ ಇಳಿಯುವುದು ಒಂದೇ ಒಂದು ಸಲ, ಜಗಳದಲ್ಲಿ. ಥೋರ್ಪ್, ಬೆಸೆಲ್ ಪರಸ್ಪರ ‘ನೀನು’. ಕೋರ್ಟಿನಲ್ಲಿ ಥೋರ್ಪ್ ಪರ ವಕೀಲ ಕಾರ್ಮನ್ ನಾರ್ಮನ್‌ರಿಗೆ ‘ನೀವು’ ಅನ್ನಲೇಬೇಕು, ಆದರೆ ಸ್ವರದಲ್ಲಿ ಗೌರವ ಇರಬಾರದು. ಬಹುವಚನ ಇಟ್ಟುಕೊಂಡೇ ಅವಮಾನ ಮಾಡುವುದು ಹೇಗೆ ಅಂತ ಸರ್ಕಾರಿ ಕಚೇರಿಯ ಕಿಟಕಿ ಮುಂದೆ ನಿಂತ ಯಾರಿಗೂ ಗೊತ್ತು.

ಅನುವಾದದಲ್ಲಿ ಕೆಡುವ ಇನ್ನೊಂದು ಜಾಗ ‘ಬನ್ನಿ’. ಥೋರ್ಪ್ ಪತ್ರದಲ್ಲಿ ನಾರ್ಮನ್‌ರನ್ನು ಕರೆಯುವ ಮುದ್ದಿನ ಹೆಸರು ಅದು, ಮೊಲದ ಮರಿ ಅಂತ. 1976ರಲ್ಲಿ ಆ ಪತ್ರ ಪತ್ರಿಕೆಯಲ್ಲಿ ಬಂದಾಗ ದೇಶವೇ ನಕ್ಕಿತು. ಕನ್ನಡ ಲಿಪಿಯಲ್ಲಿ ಹಾಗೇ ಬರೆದರೆ ‘ಬನ್ನಿ ಫ್ರಾನ್ಸಿಗೆ ಹೋಗಬಹುದು’ ಅಂತಾಗಿ, ಯಾರೋ ಯಾರನ್ನೋ ಕರೆಯುತ್ತಿದ್ದಾರೆ ಅನಿಸುತ್ತದೆ. ‘ಮೊಲದ ಮರಿಗಳು ಫ್ರಾನ್ಸಿಗೆ ಹೋಗಬಹುದು, ಹೋಗಿಯೇ ಹೋಗುತ್ತವೆ’ ಅಂದರೆ ಅರ್ಥವೂ ಉಳಿಯಿತು, ಆ ಕೊಂಡಾಟವೂ ಉಳಿಯಿತು. ‘ಮೊಲ’ ಎಂದು ಒಂದೇ ಅಕ್ಷರಜೋಡಿ ಹಾಕಿದರೆ ಬೇಟೆಯ ವಾಸನೆ ಬರುತ್ತದೆ, ‘ಮರಿ’ ಬಿಡಬಾರದು.

ಡೊಂಬಿವಲಿ ಸ್ಲೋ:
ಡನ್‌ಸ್ಟಬಲ್ ಜೋಕು? ಮನೆಯಲ್ಲಿ ಯಾರೂ ನಗಲಿಲ್ಲ.

ಚಿಂಚವಾಡ:
ಕೊಲ್ಲಲು ಬಂದ ನ್ಯೂಟನ್‌ಗೆ ಹೇಳಿದ್ದು ಬಾರ್ನ್‌ಸ್ಟಪಲ್, ಅವನು ಹೋಗಿ ಹುಡುಕಿದ್ದು ಡನ್‌ಸ್ಟಬಲ್. ನಡುವೆ 300 ಕಿ.ಮೀ.ಗಿಂತ ಹೆಚ್ಚು ದಾರಿ. ಮುಂಬಯಿಯವರಿಗೆ ಖಾರ್ ಮತ್ತು ಖಾರ್‌ಘರ್ ಅನ್ನಿ, ಸಾಕು. ಆದರೆ ಸಂಭಾಷಣೆಯಲ್ಲಿ ಊರಿನ ಹೆಸರು ಬದಲಿಸಬೇಡಿ, ಮೊದಲೇ ಬಾಯಿಮಾತಲ್ಲಿ ತಿಳಿಸಿ. ಪೌಂಡನ್ನೂ ರೂಪಾಯಿ ಮಾಡಬೇಡಿ. 1966ರ ಜೂನ್‌ನಲ್ಲಿ ರೂಪಾಯಿ ಅಪಮೌಲ್ಯವಾಗುವ ಮೊದಲು ಪೌಂಡಿಗೆ 13 ರೂಪಾಯಿ 33 ಪೈಸೆ, ಆಮೇಲೆ 21 ರೂಪಾಯಿ. ಕಥೆ ಎರಡೂ ಕಾಲದಲ್ಲಿ ನಡೆಯುವುದರಿಂದ ಒಂದೇ ದರ ಹಿಡಿದರೆ ಲೆಕ್ಕ ತಪ್ಪುತ್ತದೆ.

ಮುಲುಂಡ್ ಚೆಕ್‌ನಾಕಾ:
ಕೋರ್ಟಿನ ಭಾಗಕ್ಕೆ ಬರೋಣ, ಅಲ್ಲಿ ನಮ್ಮ ಪ್ರೇಕ್ಷಕರು ಎಡವುತ್ತಾರೆ. ಆರೋಪಿಗಳು ನಾಲ್ವರು: ಥೋರ್ಪ್, ಅವರ ಗೆಳೆಯ ಡೇವಿಡ್ ಹೋಲ್ಮ್ಸ್, ಜಾರ್ಜ್ ಡೀಕಿನ್, ಕಾರ್ಪೆಟ್ ವ್ಯಾಪಾರಿ ಜಾನ್ ಲೆ ಮೆಸುರಿಯರ್. ಆರೋಪ ಕೊಲೆಯ ಸಂಚು, ನಮ್ಮಲ್ಲಾದರೆ ಹಿಂದೆ ಐಪಿಸಿ ಸೆಕ್ಷನ್ 120-ಬಿ, ಈಗ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 61. ಥೋರ್ಪ್ ಮೇಲೆ ಮಾತ್ರ ಕೊಲೆಗೆ ಪ್ರಚೋದನೆ ಅಂತ ಇನ್ನೊಂದು. ಗುಂಡು ಹೊಡೆದ ನ್ಯೂಟನ್ ಆರೋಪಿಯಲ್ಲ, ಸಾಕ್ಷಿ. ಅವನು 1976ರಲ್ಲೇ ಎರಡು ವರ್ಷದ ಶಿಕ್ಷೆ ಪಡೆದು, ಮರುವರ್ಷ ಹೊರಗೆ ಬಂದಿದ್ದ. ‘ಹೊಡೆದವನೇ ಆರಾಮಾಗಿ ಹೊರಗಿದ್ದಾನಲ್ಲ’ ಅಂತ ಎಲ್ಲರೂ ಕೇಳುತ್ತಾರೆ, ಮೊದಲೇ ಹೇಳಿಬಿಡಿ.

ಜ್ಯೂರಿ, ಅಂದರೆ ಕೋರ್ಟಿನಲ್ಲಿ ತಪ್ಪಿತಸ್ಥರೋ ಅಲ್ಲವೋ ಅಂತ ಹೇಳಲು ಕೂರಿಸುವ ಸಾಮಾನ್ಯ ಜನರ ಗುಂಪು. ಮುಂಬಯಿಯವರಿಗೆ ಅದನ್ನು ಹೇಳಲು ನೌಕಾಧಿಕಾರಿ ನಾನಾವತಿಯ ಕೊಲೆ ಪ್ರಕರಣ ಇದೆ. 1959ರಲ್ಲಿ ಇಲ್ಲಿನ ಸೆಷನ್ಸ್ ಕೋರ್ಟಿನ ಜ್ಯೂರಿ 8ಕ್ಕೆ 1ರಂತೆ ನಿರಪರಾಧಿ ಅಂದಿತು, ಹೈಕೋರ್ಟ್ ಅದನ್ನು ತಳ್ಳಿಹಾಕಿ ಜೀವಾವಧಿ ಕೊಟ್ಟಿತು. ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದದ್ದು 1961ರ ನವೆಂಬರ್ 24ರಂದು. ನಾರ್ಮನ್ ಸ್ಕಾಟ್ ಥೋರ್ಪ್ ಅವರನ್ನು ಹುಡುಕಿಕೊಂಡು ಸಂಸತ್ ಭವನಕ್ಕೆ ಹೋದದ್ದೂ ಅದೇ ತಿಂಗಳು 8ರಂದು. ವ್ಯತ್ಯಾಸ ಇಷ್ಟು: ಇಲ್ಲಿ ಜ್ಯೂರಿಯ ಮಾತನ್ನು ಮೇಲಿನ ಕೋರ್ಟ್ ಅಲುಗಾಡಿಸಿತು, ಅಲ್ಲಿ ಜ್ಯೂರಿ ‘ಅಪರಾಧಿಯಲ್ಲ’ ಅಂದರೆ ಮುಗಿಯಿತು.

ಮೊಕದ್ದಮೆ ಯಾಕೆ ಬಿತ್ತು ಅಂದರೆ ಮುಖ್ಯ ಕಾರಣ ಬೆಸೆಲ್. ಪತ್ರಿಕೆಯೊಂದು ಅವರ ಕಥೆಗೆ ಒಪ್ಪಂದ ಮಾಡಿಕೊಂಡಿತ್ತು: ಥೋರ್ಪ್‌ಗೆ ಶಿಕ್ಷೆಯಾದರೆ 50,000 ಪೌಂಡ್, ಬಿಡುಗಡೆಯಾದರೆ ಅದರ ಅರ್ಧ. ತೀರ್ಪಿನ ಮೇಲೆ ಕೂಲಿ ನಿಂತಿರುವ ಸಾಕ್ಷಿಯನ್ನು ಕಾರ್ಮನ್ ಪೆಟ್ಟಿಗೆಯಲ್ಲೇ ಬಿಡಿಸಿಟ್ಟರು. ಎರಡನೆಯದು, ಥೋರ್ಪ್ ಸಾಕ್ಷಿ ಪೆಟ್ಟಿಗೆ ಹತ್ತಲೇ ಇಲ್ಲ. ಹತ್ತಿದ್ದರೆ ದುಡ್ಡಿನ ಬಗ್ಗೆ ಉತ್ತರ ಕೊಡಬೇಕಾಗುತ್ತಿತ್ತು. ಉದ್ಯಮಿ ಜ್ಯಾಕ್ ಹೇವರ್ಡ್ ಪಕ್ಷಕ್ಕೆ ಅಂತ ಕೊಟ್ಟ ಹಣ, ಜರ್ಸಿ ದ್ವೀಪದಲ್ಲಿದ್ದ ಕರಾಚಿ ಮೂಲದ ಪಾರ್ಸಿ ಉದ್ಯಮಿ ನಾದಿರ್ ದಿನ್‌ಶಾ ಅವರ ಮೂಲಕ ಹೋಲ್ಮ್ಸ್ ಕೈ ಸೇರಿತ್ತು. ದಿನ್‌ಶಾ ಅವರಿಗೆ ಯಾವುದಕ್ಕೆ ಅಂತ ಗೊತ್ತಿರಲಿಲ್ಲ, ಕೋರ್ಟಿಗೆ ಬಂದು ಇದ್ದದ್ದನ್ನು ಇದ್ದಹಾಗೆ ಹೇಳಿದರು.

ಮೂರನೆಯದು ನ್ಯಾಯಾಧೀಶ ಕ್ಯಾಂಟ್ಲಿ. ಜ್ಯೂರಿಗೆ ಮೊಕದ್ದಮೆಯ ಸಾರಾಂಶ ಹೇಳುವಾಗ ನಾರ್ಮನ್‌ರನ್ನು ಮೋಸಗಾರ, ಪರಾವಲಂಬಿ, ಗೋಳಾಡುವವ ಅಂತೆಲ್ಲ ಕರೆದು, ಥೋರ್ಪ್ ಅವರ ಸಾರ್ವಜನಿಕ ಜೀವನವನ್ನು ಹೊಗಳಿದರು. ಚಿಂಚವಾಡದವರು ಹೇಳಿದ ಏಕವಚನ, ಬಹುವಚನ ಅದೇ, ಕೆಂಪು ನಿಲುವಂಗಿ ಹಾಕಿಕೊಂಡು. ಜೂನ್ 22ಕ್ಕೆ ನಾಲ್ವರೂ ಬಿಡುಗಡೆ. ಕೆಲವೇ ದಿನಗಳಲ್ಲಿ ಹಾಸ್ಯನಟ ಪೀಟರ್ ಕುಕ್ ಲಂಡನ್ ರಂಗದ ಮೇಲೆ ಈ ಸಾರಾಂಶವನ್ನೇ ಅಣಕ ಮಾಡಿದರು. ಡೊಂಬಿವಲಿಯವರೇ, ಆವತ್ತೇ ಜನ ನಕ್ಕಿದ್ದಾರೆ. ನಕ್ಕಿದ್ದು ನ್ಯಾಯಾಧೀಶರನ್ನು ನೋಡಿ.

ಡೊಂಬಿವಲಿ ಸ್ಲೋ:
ಒಪ್ಪಿದೆ, ಅರ್ಧ. ನಾಯಿಯ ವಿಷಯದಲ್ಲಿ ಒಪ್ಪುವುದಿಲ್ಲ. ರಿಂಕಾ ಸತ್ತದ್ದು ಇಂಗ್ಲೆಂಡಿನಲ್ಲಿ ಇವತ್ತಿಗೂ ತಮಾಷೆ. ಆಬೆರಾನ್ ವಾ ಎಂಬ ಪತ್ರಕರ್ತ 1979ರ ಚುನಾವಣೆಯಲ್ಲಿ ಥೋರ್ಪ್ ಎದುರು ಶ್ವಾನಪ್ರಿಯರ ಪಕ್ಷ ಅಂತ ನಿಂತು 79 ಮತ ತೆಗೆದುಕೊಂಡರು. ಮನುಷ್ಯನ ಹಣೆಗೆ ಗುರಿಯಿಟ್ಟದ್ದು ಮರೆತುಹೋಯಿತು.

ಕಲೀನಾ:
ಅದಕ್ಕೇ ಆ ದೃಶ್ಯವನ್ನು ನಿಧಾನವಾಗಿ ನೋಡಬೇಕು. ಮಳೆ, ಕತ್ತಲೆ, ಬೆಟ್ಟದ ರಸ್ತೆ. ನ್ಯೂಟನ್ ಸುಸ್ತಾಯಿತು ಅನ್ನುತ್ತಾನೆ, ನಾರ್ಮನ್ ತಾವೇ ಓಡಿಸುತ್ತೇನೆ ಅಂತ ಇಳಿದು ಕಾರು ಸುತ್ತಿ ಬರುತ್ತಾರೆ. ನಾಯಿ ವಾಕಿಂಗ್ ಅಂದುಕೊಂಡು ಖುಷಿಯಿಂದ ಹಿಂದೆಯೇ ಹಾರುತ್ತದೆ. ನಾಯಿ ಕಂಡರೆ ಹೆದರುವ ಮನುಷ್ಯನ ಮುಂದೆ ಗ್ರೇಟ್ ಡೇನ್, ಕರುವಿನಷ್ಟು ಎತ್ತರ. ಅಲ್ಲಿಯವರೆಗೂ ನಗು ಬರುತ್ತದೆ. ಆಮೇಲೆ ಗುಂಡು. ಆಮೇಲೆ ಪಿಸ್ತೂಲು ನಾರ್ಮನ್ ಕಡೆ ತಿರುಗುತ್ತದೆ, ಟ್ರಿಗರ್ ಒತ್ತಿದರೂ ಗುಂಡು ಹಾರುವುದಿಲ್ಲ. ನ್ಯೂಟನ್ ಬೈದುಕೊಂಡು ಪಿಸ್ತೂಲನ್ನು ಅಲುಗಾಡಿಸುತ್ತಾನೆ. ನಾರ್ಮನ್ ಪಾತ್ರದ ಬೆನ್ ವಿಶಾ ಓಡುವುದಿಲ್ಲ. ಒದ್ದೆ ರಸ್ತೆಯಲ್ಲಿ ನಾಯಿಯ ಮೇಲೆ ಬಾಗಿರುತ್ತಾರೆ. ಈ ಪಾತ್ರಕ್ಕೆ ಅವರಿಗೆ ಎಮ್ಮಿ, ಗೋಲ್ಡನ್ ಗ್ಲೋಬ್, ಬಾಫ್ಟಾ ಮೂರೂ ಬಂದವು. ಬೇರೆ ದೃಶ್ಯ ನೋಡದಿದ್ದರೂ ಇದೊಂದಕ್ಕೆ ಕೊಡಬಹುದಿತ್ತು.

ವಾಶಿ ರಂಗಬಳಗ:
ಇದನ್ನು ಕನ್ನಡದಲ್ಲಿ ರಂಗಕ್ಕೆ ತಂದರೆ? ಇಲ್ಲಿನ ಯಾವುದೋ ಮಂತ್ರಿಯ ಕಥೆ ಮಾಡಿ.

ಮುಲುಂಡ್ ಚೆಕ್‌ನಾಕಾ:
ಇಲ್ಲಿಗೆ ಎಳೆದು ತರಬೇಡಿ. ಜ್ಯೂರಿ ಇಲ್ಲ, ಕಾರ್ಡ್ ಇಲ್ಲ, ಕೀಲುಗಳೆಲ್ಲ ಸಡಿಲವಾಗುತ್ತವೆ. ಬದುಕಿರುವವರಿಗೆ ಹೋಲಿಕೆ ಕಂಡರೆ ಮಾನನಷ್ಟ, ನಮ್ಮಲ್ಲಿ ಅದು ಕ್ರಿಮಿನಲ್ ಕೂಡ. ಡೆವನ್ ಡೆವನ್ನಾಗಿಯೇ ಇರಲಿ. ಧಾರಾವಾಹಿಯ ದೃಶ್ಯ, ಸಂಭಾಷಣೆ ಮುಟ್ಟಬೇಡಿ, ಅದಕ್ಕೆ ಹಕ್ಕು ಬೇಕು. ನಡೆದ ಘಟನೆಯ ಮೇಲೆ ಯಾರ ಹಕ್ಕೂ ಇಲ್ಲ, ಆ ಕಾಲದ ವರದಿ ಓದಿ ಸ್ವಂತವಾಗಿ ಬರೆಯಿರಿ. ಮಹಾರಾಷ್ಟ್ರದಲ್ಲಿ ನಾಟಕಕ್ಕೆ ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳಿಯ ಪ್ರಮಾಣಪತ್ರ ಬೇಕು. ಕನ್ನಡ ನಾಟಕ ಅಂತ ವಿನಾಯಿತಿ ಸಿಗುತ್ತದೆ ಅಂದುಕೊಂಡು ಕೂರಬೇಡಿ, ಹಸ್ತಪ್ರತಿಯನ್ನು ಮೊದಲೇ ಕೊಡಿ.

ಅಂದಹಾಗೆ ಭಾನುವಾರವೂ ಧಾರಾವಾಹಿಯನ್ನು ಪರದೆಗೆ ಹಾಕಬೇಡಿ. ಮನೆಯಲ್ಲಿ ನೋಡಲು ಕಟ್ಟಿದ ಚಂದಾ ಸಭೆಯಲ್ಲಿ ತೋರಿಸಲು ಅನುಮತಿಯಲ್ಲ. ಎಲ್ಲರೂ ನೋಡಿಕೊಂಡು ಬಂದು ಮಾತಾಡಿದರೆ ಸಾಕು.

ಚಿಂಚವಾಡ:
ರಂಗಕ್ಕೆ ಬಂದರೆ ತೊಂದರೆ ಕೊಡುವುದು ನಾಯಿ. ನಿಜವಾದ ನಾಯಿ ತಂದರೆ ಪ್ರೇಕ್ಷಕರು ನಟರನ್ನು ನೋಡುವುದಿಲ್ಲ, ಬೊಂಬೆ ತಂದರೆ ನಗುತ್ತಾರೆ, ನಗಬಾರದ ಕಡೆ. ಬರೀ ಪಟ್ಟಿ ಸಾಕು. ನಾರ್ಮನ್ ಕೈಯಲ್ಲಿ ಚರ್ಮದ ಪಟ್ಟಿ, ಇನ್ನೊಂದು ತುದಿ ರಂಗದ ಪಕ್ಕದ ವಿಂಗ್ ಒಳಗೆ ಒಬ್ಬರ ಕೈಯಲ್ಲಿ. ನಾಟಕದುದ್ದಕ್ಕೂ ಅದು ಎಳೆಯುತ್ತಿರಬೇಕು, ಜಗ್ಗಬೇಕು, ನಾರ್ಮನ್ ಅದಕ್ಕೆ ಮಾತಾಡುತ್ತಿರಬೇಕು. ಹತ್ತು ನಿಮಿಷದಲ್ಲಿ ಅಲ್ಲಿ ನಾಯಿ ಇದೆ ಅಂತ ಎಲ್ಲರೂ ನಂಬುತ್ತಾರೆ. ಗುಂಡಿನ ಸದ್ದಿನ ಜೊತೆಗೆ ಆ ಪಟ್ಟಿ ಸಡಿಲವಾಗಿ ನೆಲಕ್ಕೆ ಬೀಳಲಿ. ಸದ್ದಿಗಿಂತ ಅರ್ಧ ಸೆಕೆಂಡ್ ಮೊದಲು ಬಿದ್ದರೂ ಎಲ್ಲ ಕೆಟ್ಟಿತು, ಅದಕ್ಕೇ ಪಟ್ಟಿ ಹಿಡಿದವರಿಗೂ ಧ್ವನಿಯವರಿಗೂ ಒಂದೇ ಸನ್ನೆ ಇರಬೇಕು. ಎರಡನೇ ಗುಂಡಿನ ‘ಟಿಕ್’ ಧ್ವನಿಮುದ್ರಿಕೆಯಲ್ಲಿ ಬೇಡ, ನಟನ ಕೈಯಲ್ಲೇ ಆಗಲಿ, ಮೂರು ಸಲ. ಮೊದಲಿನ ಗುಂಡಿಗಿಂತ ಆ ಸಣ್ಣ ಸದ್ದು ಹೆಚ್ಚು ಹೆದರಿಸುತ್ತದೆ.

ವಾಶಿ ರಂಗಬಳಗ:
ಪಟ್ಟಿ ಎಷ್ಟು ಉದ್ದ?

ಚಿಂಚವಾಡ:
ಕಾಣುವುದು 6 ಅಡಿ. ಅದರಾಚೆ ವಿಂಗ್‌ವರೆಗೆ ಕಪ್ಪು ನೈಲಾನ್ ದಾರ. ದೀಪ ಪಕ್ಕದಿಂದ ಬಿದ್ದರೆ ದಾರ ಹೊಳೆಯುತ್ತದೆ, ಮೇಲಿನಿಂದ ಹಾಕಿ.

ಠಾಣೆ ವೆಸ್ಟ್:
ನ್ಯೂಟನ್ ಕೊನೆಗೆ ಏನಾದ?

ಮುಲುಂಡ್ ಚೆಕ್‌ನಾಕಾ:
ವೇಲ್ಸ್‌ನ ಗ್ವೆಂಟ್ ಪೊಲೀಸರು ಹಳೆಯ ಆರೋಪಗಳನ್ನು ಮತ್ತೆ ತನಿಖೆ ಮಾಡಿ, ಅವನು ಸತ್ತಿದ್ದಾನೆ ಅಂತ ಕಡತ ಮುಚ್ಚಿದ್ದರು. ಈ ಧಾರಾವಾಹಿ ಮುಗಿಯುವ ಹೊತ್ತಿಗೆ, 2018ರ ಜೂನ್‌ನಲ್ಲಿ, ಬದುಕಿದ್ದಾನೆ ಅಂತ ತಿಳಿಯಿತು. ಥೋರ್ಪ್ ತೀರಿಕೊಂಡದ್ದು 2014ರ ಡಿಸೆಂಬರ್‌ನಲ್ಲಿ. ಬಿಡುಗಡೆಯಾದ ಮೇಲೂ ಸಂಸತ್ತಿಗೆ ಮರಳಲಿಲ್ಲ. ಮೊಕದ್ದಮೆ ಶುರುವಾಗುವ ಐದು ದಿನ ಮೊದಲೇ ಸೀಟು ಕಳೆದುಕೊಂಡಿದ್ದರು.

ಮಾಟುಂಗಾ ಈಸ್ಟ್:
ಕರಪತ್ರ ತಿದ್ದಿದೆ. ಒಂದೇ ಹಾಳೆ, ಎರಡು ಮಗ್ಗುಲು. ಮುಂದೆ ಪಾತ್ರಗಳು ಮತ್ತು 1961ರಿಂದ 1979ರವರೆಗಿನ ತಾರೀಕು, ಹಿಂದೆ ಕಾರ್ಡ್, ಜ್ಯೂರಿ, ಮೊಲದ ಮರಿ, ಎರಡು ಊರು. ಮೊದಲ ವಾಕ್ಯ ಈಗ ಹೀಗಿದೆ: ‘ಕುದುರೆ ಲಾಯದಲ್ಲಿ ಕೆಲಸಕ್ಕಿದ್ದ ನಾರ್ಮನ್ ಸ್ಕಾಟ್ ಅವರು ಹೇಳಿದರು, ಜೆರೆಮಿ ಥೋರ್ಪ್ ಅವರು ಅಲ್ಲಗಳೆದರು.’ 40 ಪ್ರತಿ ಸಾಕಾ?

ಡೊಂಬಿವಲಿ ಸ್ಲೋ:
50 ಮಾಡಿಸಿ. ಅಕ್ಷರ 14ಕ್ಕಿಂತ ಚಿಕ್ಕದು ಬೇಡ, ಹಿರಿಯರು ಓದಬೇಕು. ರಿಂಕಾ ಹೆಸರನ್ನೂ ಪಾತ್ರಗಳ ಪಟ್ಟಿಯಲ್ಲಿ ಹಾಕಿ.